ಲೋರಾ ಮಾಡ್ಯೂಲನ್ನು ಸ್ವಂತ ಪಿಸಿಬಿಗೆ ಸೇರಿಸುವುದು: ಸ್ಕೀಮ್ಯಾಟಿಕ್‌ನಿಂದ ಆಂಟೆನಾ ಅಳತೆಯವರೆಗೆ

ಸೆನ್ಸರ್ ಬೋರ್ಡೊಂದಕ್ಕೆ ರೇಡಿಯೊ ಮಾಡ್ಯೂಲ್ ಸೇರಿಸುವ ಕೆಲಸ ಮೇಲ್ನೋಟಕ್ಕೆ ಸುಲಭವಾಗಿಯೇ ಕಾಣುತ್ತದೆ. ಎಸ್‌ಪಿಐನ (ಚಿಪ್‌ಗಳು ಪರಸ್ಪರ ಡೇಟಾ ಕಳಿಸಿಕೊಳ್ಳುವ ಸಂಪರ್ಕದ) ನಾಲ್ಕು ಗೆರೆ, 3.3 ವೋಲ್ಟ್, ಗ್ರೌಂಡ್, ಒಂದು ಆಂಟೆನಾ. ಮೇಜಿನ ಮೇಲೆ ಎರಡು ಬೋರ್ಡ್ ಇಟ್ಟರೆ ಪರಸ್ಪರ ಮಾತಾಡಿಯೂ ಬಿಡುತ್ತವೆ. ತೊಂದರೆ ಶುರುವಾಗುವುದು ಅಲ್ಲೇ. ರೇಡಿಯೊ ಭಾಗದಲ್ಲಿ 20 ಡೆಸಿಬೆಲ್ ಸೋರಿಹೋಗಿದ್ದರೂ ಮೇಜಿನ ಮೇಲೆ ಅದು ಗೊತ್ತಾಗುವುದಿಲ್ಲ. ತೋಟಕ್ಕೋ ಬೋರ್‌ವೆಲ್ ಹತ್ತಿರಕ್ಕೋ ಒಯ್ದಾಗ ಮಾತ್ರ, ಬರಬೇಕಾದ ದೂರದ ಹತ್ತನೇ ಒಂದು ಪಾಲೂ ಬಾರದೆ ಬೋರ್ಡ್ ಸುಮ್ಮನಾಗುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಅಳತೆಗೆ ಜಾಗ ಬಿಟ್ಟುಕೊಂಡೇ ವಿನ್ಯಾಸ ಮಾಡಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಹೋಪ್‌ಆರ್‌ಎಫ್ ಕಂಪನಿಯ ಆರ್‌ಎಫ್‌ಎಂ95ಡಬ್ಲ್ಯು. ಸೆಮ್ಟೆಕ್‌ನ ಎಸ್‌ಎಕ್ಸ್1276 ಜಾತಿಯ ಲೋರಾ (ಕಡಿಮೆ ಶಕ್ತಿಯಲ್ಲಿ ಬಹುದೂರ ತಲುಪುವ ರೇಡಿಯೊ ವಿಧಾನ) ಚಿಪ್ ಇದರೊಳಗಿದೆ. 16 × 16 ಮಿ.ಮೀ. ಗಾತ್ರ, ಅಂಚಿನಲ್ಲಿ ಅರ್ಧಚಂದ್ರದ 16 ಪ್ಯಾಡ್. ಇದಕ್ಕಿಂತ ಹೊಸದಾದ ಎಸ್‌ಎಕ್ಸ್1262 ಮಾಡ್ಯೂಲ್‌ಗಳು ಕಡಿಮೆ ಕರೆಂಟ್ ತಿನ್ನುತ್ತವೆ ನಿಜ. ಆದರೆ ಮೊದಲ ಬೋರ್ಡ್‌ಗೆ ಇದೇ ಸಾಕು: ಲೈಬ್ರರಿಗಳು ಪಳಗಿವೆ, ಪಿನ್‌ಗಳು ಕೈಬೆಸುಗೆಗೆ ಸಿಗುವಷ್ಟು ದೊಡ್ಡದಿವೆ.

ಮೊದಲು ಆವರ್ತನ

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಆವರ್ತನ ಪಟ್ಟಿ (ಬ್ಯಾಂಡ್) 865ರಿಂದ 867 ಮೆಗಾಹರ್ಟ್ಜ್ ಎಂದು 2005ರ ನಿಯಮ ಹೇಳಿತು: ಟ್ರಾನ್ಸ್‌ಮಿಟರ್ ಶಕ್ತಿ ಗರಿಷ್ಠ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್, ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಜ್. 2021ರಲ್ಲಿ ಮೇಲಿನ ಗಡಿ 868ಕ್ಕೆ ವಿಸ್ತರಿಸಿತು. ಲೋರಾವ್ಯಾನ್‌ನ (ಲೋರಾ ಮೇಲೆ ಕಟ್ಟಿದ ಜಾಲದ ಮಾನದಂಡ) ಭಾರತೀಯ ಯೋಜನೆಯಲ್ಲಿ ಮೂರು ಮೂಲ ಚಾನೆಲ್‌ಗಳಿವೆ: 865.0625, 865.4025 ಮತ್ತು 865.985. ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಜ್ ಇಟ್ಟುಕೊಂಡರೆ 200ರ ಮಿತಿಯೊಳಗೆ ನೆಮ್ಮದಿಯಾಗಿ ಕೂರುತ್ತದೆ. ಚಿಪ್‌ಗೆ 250 ಮತ್ತು 500 ಕೂಡ ಸಾಧ್ಯ, ಆದರೆ ಅವು ಮಿತಿ ದಾಟುತ್ತವೆ.

ಇಂಟರ್‌ನೆಟ್‌ನಲ್ಲಿ ಸಿಗುವ ಉದಾಹರಣೆ ಕೋಡ್‌ಗಳಲ್ಲಿ ಹೆಚ್ಚಿನವು ಅಮೆರಿಕದ 915 ಮೆಗಾಹರ್ಟ್ಜ್‌ಗೆ ಬರೆದವು. ಹಾಗೇ ನಕಲು ಮಾಡಿದರೆ ಬೋರ್ಡ್ ಕೆಲಸ ಮಾಡುತ್ತದೆ, ಆದರೆ ಅದು ನಮ್ಮಲ್ಲಿ ಮೊಬೈಲ್ ಸೇವೆಯ ಪಟ್ಟಿಯ ಅಂಚು.

ಕೊಳ್ಳುವಾಗ ಇನ್ನೊಂದು ಎಚ್ಚರ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ ಆನ್‌ಲೈನ್ ಆಗಲಿ, ಒಂದೇ ಆಕಾರದಲ್ಲಿ 433 ಮೆಗಾಹರ್ಟ್ಜ್ ಮಾಡ್ಯೂಲ್‌ಗಳೂ ಮಾರಾಟಕ್ಕಿವೆ. ಅವುಗಳ ಡಿಜಿಟಲ್ ಭಾಗ ಒಂದೇ ಬಗೆಯದು, ಹಾಗಾಗಿ ಚಿಪ್ ಗುರುತಿನ ಪರೀಕ್ಷೆ ಪಾಸಾಗುತ್ತದೆ, ಪ್ಯಾಕೆಟ್ ಕೂಡ ಕೆಲವು ಮೀಟರ್ ಹೋಗುತ್ತದೆ. ಒಳಗಿನ ಫಿಲ್ಟರ್ ಬೇರೆಯಾದ್ದರಿಂದ ದೂರ ಮಾತ್ರ ಬರುವುದಿಲ್ಲ. ಆರ್ಡರ್ ಮಾಡುವಾಗ ಪೂರ್ತಿ ಭಾಗಸಂಖ್ಯೆಯಲ್ಲಿ 868 ಎಂದಿರುವುದನ್ನು ನೋಡಿಕೊಳ್ಳಿ.

ವಿದ್ಯುತ್ ಪೂರೈಕೆ

ಡೇಟಾಶೀಟ್‌ನ ಅಂಕಿಗಳು ಹೀಗಿವೆ: 20 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಶಕ್ತಿಯಲ್ಲಿ ಕಳಿಸುವಾಗ 120 ಮಿಲಿಆಂಪ್, 17 ಡಿಬಿಎಂನಲ್ಲಿ 87, 13ರಲ್ಲಿ 29. ಕೇಳುವಾಗ ಸುಮಾರು 10 ರಿಂದ 12. ನಿದ್ದೆಯಲ್ಲಿ 0.2 ಮೈಕ್ರೋಆಂಪ್. ವೋಲ್ಟೇಜ್ 1.8ರಿಂದ 3.7.

ಇಲ್ಲಿ ಬಹಳ ಜನ ಎಡವುವುದು ಕೆಪಾಸಿಟರ್ ಲೆಕ್ಕದಲ್ಲಿ. "ದೊಡ್ಡ ಕೆಪಾಸಿಟರ್ ಹಾಕಿದರೆ ಕಳಿಸುವ ಹೊತ್ತಿನ ಭಾರ ಅದೇ ಹೊರುತ್ತದೆ" ಎಂಬ ನಂಬಿಕೆ ಲೋರಾದಲ್ಲಿ ಸುಳ್ಳಾಗುತ್ತದೆ. 20 ಬೈಟ್‌ನ ಪ್ಯಾಕೆಟ್, 125 ಕಿಲೋಹರ್ಟ್ಜ್, ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂಕೇತವನ್ನು ಎಷ್ಟು ಹೊತ್ತಿಗೆ ಹರಡಿ ಕಳಿಸುವುದೆಂಬ ಅಂಕಿ) 7 ಇದ್ದರೆ ಗಾಳಿಯಲ್ಲಿರುವ ಸಮಯ ಸುಮಾರು 57 ಮಿಲಿಸೆಕೆಂಡ್. ಅದೇ ಪ್ಯಾಕೆಟ್ ಫ್ಯಾಕ್ಟರ್ 12ರಲ್ಲಿ 1.32 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು 120 ಮಿಲಿಆಂಪ್ ಕೊಟ್ಟು ವೋಲ್ಟೇಜ್ ಕುಸಿತವನ್ನು 0.3ಕ್ಕೆ ನಿಲ್ಲಿಸಲು ಬೇಕಾದ ಕೆಪಾಸಿಟರ್ 0.12 × 1.32 ÷ 0.3, ಅಂದರೆ ಅರ್ಧ ಫ್ಯಾರಡ್‌ಗಿಂತ ಹೆಚ್ಚು. 100 ಮೈಕ್ರೋಫ್ಯಾರಡ್ ಸಹಾಯ ಮಾಡುವುದು ಏರಿಕೆಯ ಮೊದಲ ಕ್ಷಣಕ್ಕೆ ಮಾತ್ರ. ಉಳಿದದ್ದನ್ನು ಬ್ಯಾಟರಿ ಮತ್ತು ರೆಗ್ಯುಲೇಟರ್ ನೇರವಾಗಿ ಹೊರಬೇಕು. ಈ ಕಾರಣಕ್ಕೇ ಸಿಆರ್2032 ನಾಣ್ಯದ ಸೆಲ್ ಇಲ್ಲಿ ನಡೆಯದು. ಲಿಥಿಯಂ ಥಯೊನಿಲ್ ಕ್ಲೋರೈಡ್‌ನ 14505 ಸೆಲ್ ಬಳಸುವುದಾದರೆ ಜೊತೆಗೆ ಸೂಪರ್ ಕೆಪಾಸಿಟರ್ ಇರಲಿ.

ರೆಗ್ಯುಲೇಟರ್ ವಿಷಯದಲ್ಲಿ ಎಎಂಎಸ್1117 ಹಾಕುವ ಅಭ್ಯಾಸ ಬಿಡಿ. ಅದಕ್ಕೆ ಒಂದು ವೋಲ್ಟ್‌ಗೂ ಮೇಲ್ಪಟ್ಟ ಅಂತರ ಬೇಕು, ಲಿಥಿಯಂ ಸೆಲ್‌ನಲ್ಲಿ ಅಷ್ಟು ಇರುವುದಿಲ್ಲ. ಮೇಲಾಗಿ ಸುಮ್ಮನಿರುವಾಗಲೂ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ. 2500 ಮಿಲಿಆಂಪ್‌ಅವರ್ ಸೆಲ್ ಏನೂ ಕೆಲಸ ಮಾಡದೆಯೇ ಮೂರು ವಾರದಲ್ಲಿ ಖಾಲಿ. ಎಂಸಿಪಿ1700ರ 3.3 ವೋಲ್ಟ್ ಆವೃತ್ತಿ 250 ಮಿಲಿಆಂಪ್ ಕೊಡುತ್ತದೆ, ತಾನು ತಿನ್ನುವುದು 1.6 ಮೈಕ್ರೋಆಂಪ್. ಎಚ್‌ಟಿ7333 ಕೂಡ ಆಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಆದರೆ ರೆಗ್ಯುಲೇಟರ್ ಇಲ್ಲದೆ ನೇರವಾಗಿ ಕೊಡಬಹುದು. ಪೂರ್ತಿ ಚಾರ್ಜ್ ಆದಾಗ 3.65 ವೋಲ್ಟ್, ಮಿತಿಗೆ ತೀರಾ ಹತ್ತಿರ, ಹಾಗಾಗಿ ಚಾರ್ಜರ್ ನಂಬಿಕಸ್ಥವಾಗಿರಬೇಕು.

ಮಾಡ್ಯೂಲ್‌ನ 13ನೇ ಪಿನ್‌ಗೆ (3.3 ವೋಲ್ಟ್) 2–3 ಮಿ.ಮೀ. ಒಳಗೆ 100 ನ್ಯಾನೊಫ್ಯಾರಡ್, ಅದರ ಪಕ್ಕ 10 ಮೈಕ್ರೋಫ್ಯಾರಡ್ ಸೆರಾಮಿಕ್, ರೆಗ್ಯುಲೇಟರ್ ಹೊರಗಂಡಿಯಲ್ಲಿ 47ರಿಂದ 100 ಮೈಕ್ರೋಫ್ಯಾರಡ್. ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳು ತಮ್ಮ ಮೇಲೆ ವೋಲ್ಟೇಜ್ ಹೇರಿದಾಗ ತಮ್ಮ ಮೌಲ್ಯದ ದೊಡ್ಡ ಪಾಲು ಕಳೆದುಕೊಳ್ಳುತ್ತವೆ. ಆದ್ದರಿಂದ 10 ಮೈಕ್ರೋಫ್ಯಾರಡ್‌ಗೆ 0805 ಗಾತ್ರ, 10 ವೋಲ್ಟ್ ಅಥವಾ ಹೆಚ್ಚಿನ ರೇಟಿಂಗ್ ಆರಿಸಿ. 13ನೇ ಪಿನ್‌ಗೆ ಹೋಗುವ ದಾರಿಯಲ್ಲಿ ಒಂದು ಶೂನ್ಯ ಓಮ್ ರೆಸಿಸ್ಟರ್ ಇಡಿ. ಮುಂದೆ ಕರೆಂಟ್ ಅಳೆಯಲು ಅದನ್ನು ಎತ್ತಿ ಮೀಟರ್ ಸೇರಿಸಬಹುದು.

ಸ್ಕೀಮ್ಯಾಟಿಕ್

ಪಿನ್‌ಗಳು: 1 ಗ್ರೌಂಡ್, 2 ಮಿಸೊ, 3 ಮೊಸಿ, 4 ಎಸ್‌ಸಿಕೆ, 5 ಎನ್‌ಎಸ್‌ಎಸ್ (2ರಿಂದ 5 ಎಸ್‌ಪಿಐ ಗೆರೆಗಳು), 6 ರೀಸೆಟ್, 7 ಡಿಐಒ5, 8 ಗ್ರೌಂಡ್, 9 ಆಂಟೆನಾ, 10 ಗ್ರೌಂಡ್, 11 ಡಿಐಒ3, 12 ಡಿಐಒ4, 13 ವಿದ್ಯುತ್, 14 ಡಿಐಒ0, 15 ಡಿಐಒ1, 16 ಡಿಐಒ2.

ಡಿಐಒಗಳು ಮಾಡ್ಯೂಲ್ ಸೂಚನೆ ಕೊಡುವ ಪಿನ್‌ಗಳು. ಡಿಐಒ0 ಇಲ್ಲದೆ ಕೆಲಸ ಸಾಗದು. ಪ್ಯಾಕೆಟ್ ಹೋಯಿತು, ಪ್ಯಾಕೆಟ್ ಬಂತು ಎಂಬ ಸೂಚನೆ ಬರುವುದು ಅದರಲ್ಲೇ. ಲೋರಾವ್ಯಾನ್ ಬಳಸುವುದಾದರೆ ಕೇಳುವ ಗಡುವು ಮುಗಿದದ್ದನ್ನು ತಿಳಿಸುವ ಡಿಐಒ1 ಕೂಡ ಬೇಕು. ಎರಡನ್ನೂ ಮೈಕ್ರೋಕಂಟ್ರೋಲರ್‌ನ ಇಂಟರಪ್ಟ್ ಪಿನ್‌ಗಳಿಗೆ ಕೊಡಿ. ಉಳಿದವನ್ನು ಖಾಲಿ ಬಿಡಬಹುದು.

ಮಾಡ್ಯೂಲನ್ನು ಕರೆಯುವ ಗೆರೆಯಾದ ಎನ್‌ಎಸ್‌ಎಸ್‌ಗೆ 3.3 ವೋಲ್ಟ್ ಕಡೆಗೆ 10 ಕಿಲೋಓಮ್ ಎಳೆತ (ಪುಲ್-ಅಪ್ ರೆಸಿಸ್ಟರ್) ತಪ್ಪದೆ ಹಾಕಿ. ಎಟಿಮೆಗಾ328ಪಿ ತರದ ಚಿಪ್‌ಗೆ ಪ್ರೋಗ್ರಾಂ ತುಂಬುವುದೂ ಎಸ್‌ಪಿಐ ಪಿನ್‌ಗಳ ಮೂಲಕವೇ. ಆ ಹೊತ್ತಿಗೆ ಎನ್‌ಎಸ್‌ಎಸ್ ತೇಲುತ್ತಿದ್ದರೆ ಮಾಡ್ಯೂಲ್ ತನ್ನನ್ನೇ ಕರೆದರೆಂದು ಮಿಸೊ ಗೆರೆ ಹಿಡಿದುಕೊಳ್ಳುತ್ತದೆ, ಪ್ರೋಗ್ರಾಮಿಂಗ್ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಹತ್ತು ಪೈಸೆಯ ರೆಸಿಸ್ಟರ್ ಉಳಿಸಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾಗ ಇದು. ರೀಸೆಟ್ ಪಿನ್‌ಗೆ ಗಟ್ಟಿ ಎಳೆತ ಬೇಡ. ಕೋಡ್‌ನಲ್ಲಿ ಅದನ್ನು 100 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಕೆಳಗಿಳಿಸಿ, ಬಿಟ್ಟು, 5 ಮಿಲಿಸೆಕೆಂಡ್ ಕಾದರೆ ಸಾಕು.

ಮಾಡ್ಯೂಲ್‌ನ ಪಿನ್‌ಗಳಿಗೆ 5 ವೋಲ್ಟ್ ಸಲ್ಲದು. ಇಡೀ ಬೋರ್ಡನ್ನೇ 3.3ರಲ್ಲಿ ನಡೆಸಿ. ಎಟಿಮೆಗಾ328ಪಿ ಆದರೆ 16 ಮೆಗಾಹರ್ಟ್ಜ್ ಕ್ರಿಸ್ಟಲ್ ಆ ವೋಲ್ಟೇಜ್‌ಗೆ ಮಿತಿಮೀರಿದ್ದು, 8 ಸರಿಯಾದದ್ದು.

ಬ್ಯಾಟರಿ ವೋಲ್ಟೇಜ್ ಅಳೆಯುವ ವಿಭಾಜಕಕ್ಕೆ 10 ಕಿಲೋಓಮ್‌ನ ಜೋಡಿ ಹಾಕಿದರೆ 4.2 ವೋಲ್ಟ್‌ನಲ್ಲಿ 210 ಮೈಕ್ರೋಆಂಪ್ ಸದಾ ಸೋರುತ್ತದೆ, ನಿದ್ದೆಯ ಮಾಡ್ಯೂಲ್‌ನ ಸಾವಿರ ಪಟ್ಟು. 1 ಮೆಗಾಓಮ್‌ನ ಎರಡು ಹಾಕಿ, ಅಳೆಯುವ ಪಿನ್‌ಗೆ 100 ನ್ಯಾನೊಫ್ಯಾರಡ್ ಕೊಡಿ. ಸೋರಿಕೆ 2.1ಕ್ಕೆ ಇಳಿಯುತ್ತದೆ.

ಆಂಟೆನಾ ದಾರಿಯಲ್ಲಿ 9ನೇ ಪಿನ್ ಮತ್ತು ಕನೆಕ್ಟರ್ ನಡುವೆ ಮೂರು ಬಿಡಿಭಾಗಗಳ ಪೈ ಜಾಲಕ್ಕೆ (ಆಂಟೆನಾವನ್ನು 50 ಓಮ್‌ಗೆ ಹೊಂದಿಸುವ π ಆಕಾರದ ಜೋಡಣೆ) 0603 ಪ್ಯಾಡ್‌ಗಳನ್ನು ಬಿಡಿ: ಒಂದು ಗ್ರೌಂಡಿಗೆ, ಒಂದು ದಾರಿಯಲ್ಲಿ, ಇನ್ನೊಂದು ಗ್ರೌಂಡಿಗೆ. ಆರಂಭದಲ್ಲಿ ನಡುವೆ ಶೂನ್ಯ ಓಮ್, ಎರಡು ಬದಿ ಖಾಲಿ. ಹೊರಾಂಗಣದ ಕಂಬಕ್ಕೆ ಹೋಗುವ ಬೋರ್ಡ್ ಆದರೆ ಸ್ಥಿರವಿದ್ಯುತ್ತಿನ ರಕ್ಷಣೆಗೆ ಡಯೋಡ್ ಹಾಕುವ ಮುನ್ನ ಅದರ ಕೆಪಾಸಿಟನ್ಸ್ ನೋಡಿ. 866 ಮೆಗಾಹರ್ಟ್ಜ್‌ನಲ್ಲಿ 3 ಪಿಕೊಫ್ಯಾರಡ್ ಎಂದರೆ ಸುಮಾರು 61 ಓಮ್, 50 ಓಮ್‌ನ ದಾರಿಗೆ ಪಕ್ಕದಲ್ಲೇ ಇನ್ನೊಂದು ಭಾರ ಕಟ್ಟಿದಂತೆ. ಅರ್ಧ ಪಿಕೊಫ್ಯಾರಡ್‌ಗಿಂತ ಕಡಿಮೆ ಇರುವುದನ್ನೇ ಹುಡುಕಿ.

ಲೇಔಟ್

ಮಾಡ್ಯೂಲನ್ನು ಬೋರ್ಡ್‌ನ ಅಂಚಿಗೆ, 9ನೇ ಪಿನ್ ಕನೆಕ್ಟರ್ ಕಡೆಗೆ ಮುಖಮಾಡುವಂತೆ ಇಡಿ. ಮಾಡ್ಯೂಲ್ ಅಡಿಯ ಮೇಲ್ಪದರದಲ್ಲಿ ಯಾವ ಟ್ರ್ಯಾಕ್ ಕೂಡ ಬೇಡ. ಅದರ ತಳದಲ್ಲಿರುವ ವಯಾಗಳು (ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತುಗಳು) ಹಸಿರು ಮಾಸ್ಕ್ ಉಜ್ಜಿಹೋದರೆ ಶಾರ್ಟ್ ಮಾಡಬಲ್ಲವು. ಕೆಳಪದರ ಪೂರ್ತಿ ಗ್ರೌಂಡ್ ಆಗಿರಲಿ, ಆಂಟೆನಾ ಟ್ರ್ಯಾಕ್ ಅಡಿಯಲ್ಲಂತೂ ಒಂದೇ ಒಂದು ಸೀಳೂ ಇರಬಾರದು.

50 ಓಮ್ ಟ್ರ್ಯಾಕ್‌ನ ಅಗಲ ಬೋರ್ಡ್ ದಪ್ಪವನ್ನು ಅವಲಂಬಿಸುತ್ತದೆ. 1.6 ಮಿ.ಮೀ.ನ ಎರಡು ಪದರದ ಎಫ್‌ಆರ್4ನಲ್ಲಿ (ಸಾಮಾನ್ಯ ಪಿಸಿಬಿ ವಸ್ತು) ಬರಿಯ ಮೈಕ್ರೋಸ್ಟ್ರಿಪ್ (ಕೆಳಗೆ ಮಾತ್ರ ಗ್ರೌಂಡ್ ಇರುವ ಟ್ರ್ಯಾಕ್) ಆದರೆ 3 ಮಿ.ಮೀ. ಬೇಕಾಗುತ್ತದೆ, ಮಾಡ್ಯೂಲ್‌ನ ಸಣ್ಣ ಪ್ಯಾಡ್‌ಗೆ ಅದು ಹೊಂದುವುದಿಲ್ಲ. ಅದರ ಬದಲು ಎರಡೂ ಬದಿಗೆ ಗ್ರೌಂಡ್ ತಾಮ್ರ ತಂದು, ಟ್ರ್ಯಾಕ್ 1.2 ಮಿ.ಮೀ., ಸಂದು 0.2 ಮಿ.ಮೀ. ಇಟ್ಟರೆ ಸುಮಾರು 50 ಓಮ್ ಬರುತ್ತದೆ. ಬದಿಯ ಗ್ರೌಂಡನ್ನು 2–3 ಮಿ.ಮೀ.ಗೊಂದು ವಯಾ ಹಾಕಿ ಕೆಳಪದರಕ್ಕೆ ಹೊಲಿಯಿರಿ. 8 ಮತ್ತು 10ನೇ ಪಿನ್‌ಗಳ ಪಕ್ಕದಲ್ಲೇ ಒಂದೊಂದು ವಯಾ ಇರಲಿ. ನಾಲ್ಕು ಪದರದ ಬೋರ್ಡ್‌ನಲ್ಲಿ ಗ್ರೌಂಡ್ 0.2 ಮಿ.ಮೀ. ಕೆಳಗೇ ಸಿಗುವುದರಿಂದ 0.38 ಮಿ.ಮೀ. ಅಗಲ ಸಾಕು.

ಈ ಲೆಕ್ಕಕ್ಕೆ ಹೆದರಬೇಕಾಗಿಲ್ಲ. ಈ ಆವರ್ತನದಲ್ಲಿ ಬೋರ್ಡ್ ಮೇಲಿನ ತರಂಗದ ಉದ್ದ ಸುಮಾರು 20 ಸೆಂ.ಮೀ. ದಾರಿ 10 ಮಿ.ಮೀ.ಗಿಂತ ಚಿಕ್ಕದಿದ್ದರೆ ಅಗಲ ಸ್ವಲ್ಪ ಹೆಚ್ಚುಕಡಿಮೆಯಾದರೂ ನಷ್ಟ ಗೊತ್ತಾಗದು. ಸರಿಯಾದ ಅಗಲದ 50 ಮಿ.ಮೀ. ದಾರಿಗಿಂತ ಒರಟಾದ 5 ಮಿ.ಮೀ. ದಾರಿಯೇ ವಾಸಿ. ಆದರೆ ಗ್ರೌಂಡ್ ಸೀಳಿಗೆ ಈ ರಿಯಾಯಿತಿ ಇಲ್ಲ.

ಬೂಸ್ಟ್ ಕನ್ವರ್ಟರ್ ಇದ್ದರೆ ಅದನ್ನೂ ಅದರ ಕಾಯಿಲನ್ನೂ ಬೋರ್ಡ್‌ನ ಇನ್ನೊಂದು ತುದಿಗೆ ಕಳಿಸಿ. ಫುಟ್‌ಪ್ರಿಂಟ್ ಬರೆಯುವಾಗ ಪಿನ್ ಅಂತರ 2 ಮಿ.ಮೀ. ಎಂಬುದು ನೆನಪಿರಲಿ, ಕೈ ತಾನಾಗಿ 2.54 ಬರೆದುಬಿಡುತ್ತದೆ. ಕೈಬೆಸುಗೆ ಮಾಡುವವರು ಪ್ಯಾಡನ್ನು ಮಾಡ್ಯೂಲ್‌ನ ಅಂಚಿನಿಂದ ಹೊರಕ್ಕೆ 1 ಮಿ.ಮೀ. ಚಾಚಿಸಲಿ. ಗರ್ಬರ್ (ಬೋರ್ಡ್ ತಯಾರಕರಿಗೆ ಕೊಡುವ ಫೈಲ್) ಕಳಿಸುವ ಮುನ್ನ ಒಂದಕ್ಕೊಂದು ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ ಮಾಡ್ಯೂಲನ್ನು ಅದರ ಮೇಲೆ ಇಟ್ಟು ನೋಡಿ.

ಆಂಟೆನಾ

ಸರಳ ಆಯ್ಕೆ ತಂತಿ. 866 ಮೆಗಾಹರ್ಟ್ಜ್‌ಗೆ ಕಾಲು ತರಂಗ ಲೆಕ್ಕದಲ್ಲಿ 86.5 ಮಿ.ಮೀ., ವಾಸ್ತವದಲ್ಲಿ ಸುಮಾರು 82ಕ್ಕೆ ಬಂದು ನಿಲ್ಲುತ್ತದೆ. 90ಕ್ಕೆ ಕತ್ತರಿಸಿ ಅಳೆಯುತ್ತಾ ಒಂದೊಂದೇ ಮಿ.ಮೀ. ಚಿವುಟಿ. ಕಾಲು ತರಂಗದ ತಂತಿಗೆ ಬೋರ್ಡ್‌ನ ಗ್ರೌಂಡ್ ತಾಮ್ರವೇ ಆಂಟೆನಾದ ಇನ್ನೊಂದು ಅರ್ಧ. ಹಾಗಾಗಿ ಬೋರ್ಡ್ ಒಂದು ದಿಕ್ಕಿನಲ್ಲಾದರೂ 80 ಮಿ.ಮೀ. ಇದ್ದರೆ ಒಳ್ಳೆಯದು. 25 ಮಿ.ಮೀ.ನ ಪುಟಾಣಿ ಬೋರ್ಡ್‌ನಿಂದ ಒಳ್ಳೆಯ ದೂರ ನಿರೀಕ್ಷಿಸುವುದು ನ್ಯಾಯವಲ್ಲ.

ಹೊರಗಿನ ಆಂಟೆನಾಕ್ಕೆ ಎಸ್‌ಎಂಎ ಅಂಚಿನ ಕನೆಕ್ಟರ್ ಗಟ್ಟಿ. ಯು.ಎಫ್‌ಎಲ್ ಚಿಕ್ಕದು, ಆದರೆ 30 ಬಾರಿ ಹಾಕಿ ತೆಗೆಯುವುದಕ್ಕೆ ಮಾತ್ರ ರೇಟಿಂಗ್ ಇರುವುದು. ಪರೀಕ್ಷೆಯ ಬೋರ್ಡ್‌ನಲ್ಲಿ ಅಷ್ಟು ಒಂದೇ ವಾರದಲ್ಲಿ ಮುಗಿಯುತ್ತದೆ. ವೈಫೈ ರೌಟರ್‌ಗಳಲ್ಲಿ ಬರುವ ಆರ್‌ಪಿ-ಎಸ್‌ಎಂಎ ಆಂಟೆನಾ ಹೊರನೋಟಕ್ಕೆ ಎಸ್‌ಎಂಎ ಥರವೇ ಇದ್ದು ತಿರುಪು ಕೂಡ ಕೂರುವುದುಂಟು. ಆದರೆ ನಡುವಿನ ಸೂಜಿ ಎರಡೂ ಬದಿ ಇರುವುದಿಲ್ಲ. ತಿರುಪು ಬಿಗಿಯಾಗಿದೆ, ಸಂಪರ್ಕ ಮಾತ್ರ ಇಲ್ಲ. ಮೇಲಾಗಿ ಆ ಆಂಟೆನಾ 2.4 ಗಿಗಾಹರ್ಟ್ಜ್‌ನದು.

ಆಂಟೆನಾ ಇಲ್ಲದೆ ಪೂರ್ತಿ ಶಕ್ತಿಯಲ್ಲಿ ಕಳಿಸಬೇಡಿ. 20 ಡಿಬಿಎಂ ಕ್ರಮದಲ್ಲಿ ಕಳಿಸುವ ಸಮಯ ಒಟ್ಟು ಸಮಯದ ಶೇ. 1ರಷ್ಟೇ ಇರಬೇಕು, ಆಂಟೆನಾ ಹೊಂದಿಕೆಯೂ ತಕ್ಕಮಟ್ಟಿಗೆ ಸರಿಯಿರಬೇಕು ಎಂದು ಡೇಟಾಶೀಟ್ ಹೇಳುತ್ತದೆ. ಬಹುತೇಕ ಕೆಲಸಕ್ಕೆ 14ರಿಂದ 17 ಸಾಕು.

ಮೊದಲ ಬಾರಿ ವಿದ್ಯುತ್ ಕೊಡುವಾಗ

ಬೆಸುಗೆ ಮುಗಿದ ಮೇಲೆ 3.3 ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ನಂತರ 150 ಮಿಲಿಆಂಪ್ ಮಿತಿಯಿಟ್ಟ ಪೂರೈಕೆಯಿಂದ ವಿದ್ಯುತ್ ಕೊಡಿ. ಮೊದಲ ಕೋಡ್ ಒಂದೇ ಕೆಲಸ ಮಾಡಲಿ: ಹೆಕ್ಸ್ 42ನೇ ರಿಜಿಸ್ಟರ್ ಓದುವುದು. ಉತ್ತರ ಹೆಕ್ಸ್ 12 ಬಂದರೆ ಎಸ್‌ಪಿಐ ಸರಿ. ಎಲ್ಲವೂ ಸೊನ್ನೆಯಾಗಿ ಬಂದರೆ ಮಿಸೊ ಅಥವಾ ವಿದ್ಯುತ್ ನೋಡಿ. ಎಲ್ಲವೂ ಹೆಕ್ಸ್ ಎಫ್‌ಎಫ್ ಆದರೆ ಎನ್‌ಎಸ್‌ಎಸ್ ತಲುಪುತ್ತಿಲ್ಲ. ಓದಿದಾಗಲೆಲ್ಲ ಬೇರೆ ಬೇರೆ ಬಂದರೆ ಬೆಸುಗೆ ಅಥವಾ ವೇಗದ ಸಮಸ್ಯೆ. ಎಸ್‌ಪಿಐ ಗರಿಷ್ಠ 10 ಮೆಗಾಹರ್ಟ್ಜ್, ಆರಂಭಕ್ಕೆ 1 ಇಡಿ.

ಆಮೇಲೆ ಆವರ್ತನ. ಇದರ ಹೆಜ್ಜೆ 32 ಮೆಗಾಹರ್ಟ್ಜ್‌ನ್ನು 2ರ 19ನೇ ಘಾತದಿಂದ ಭಾಗಿಸಿದಷ್ಟು, ಅಂದರೆ 61.035 ಹರ್ಟ್ಜ್. 865.0625ಕ್ಕೆ ಬರುವ ಸಂಖ್ಯೆ 14173184. ಹೆಕ್ಸ್‌ನಲ್ಲಿ ಡಿ8, 44, 00. ಇವು 06, 07, 08ನೇ ರಿಜಿಸ್ಟರ್‌ಗಳಿಗೆ ಹೋಗಬೇಕು. ಲೈಬ್ರರಿ ಬಳಸಿದರೂ ಒಮ್ಮೆ ಮರಳಿ ಓದಿ ಹೋಲಿಸಿ. 915ರ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಶಕ್ತಿಯ ರಿಜಿಸ್ಟರ್ ಹೆಕ್ಸ್ 09. ಚಿಪ್‌ನಲ್ಲಿ ಹೊರಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ, ಆದರೆ ಈ ಮಾಡ್ಯೂಲ್‌ನಲ್ಲಿ ಆಂಟೆನಾಕ್ಕೆ ಸೇರಿರುವುದು ಪಿಎ ಬೂಸ್ಟ್ ದಾರಿ ಮಾತ್ರ. ಮೇಲಿನ ಬಿಟ್ 1 ಇರಲೇಬೇಕು, 17 ಡಿಬಿಎಂಗೆ ಬೆಲೆ ಹೆಕ್ಸ್ 8ಎಫ್. ಆ ಬಿಟ್ 0 ಆಗಿದ್ದರೆ ಸಿಗ್ನಲ್ ಸೋರಿಕೆಯಷ್ಟೇ ಹೊರಬರುತ್ತದೆ: ಮೇಜಿನ ಮೇಲೆ ಮಾತು, ಅಂಗಳದಾಚೆ ಮೌನ. ಕಳಿಸುವಾಗ ಕರೆಂಟ್ 87ರ ಆಸುಪಾಸಿಗೆ ಏರದೆ 20–30ರಲ್ಲೇ ನಿಂತರೆ ಈ ಬಿಟ್ ಮೇಲೆ ಅನುಮಾನಪಡಿ.

ಎರಡೂ ಬೋರ್ಡ್‌ಗಳ ಸಿಂಕ್ ವರ್ಡ್ (ಯಾವ ಜಾಲದ ಪ್ಯಾಕೆಟ್ ಎಂದು ಗುರುತಿಸುವ ಸಂಖ್ಯೆ) ಒಂದೇ ಇರಲಿ: ಖಾಸಗಿ ಜಾಲಕ್ಕೆ ಹೆಕ್ಸ್ 12, ಲೋರಾವ್ಯಾನ್‌ಗೆ 34. ಬ್ಯಾಂಡ್‌ವಿಡ್ತ್ ಇಳಿಸಿ ದೂರ ಗಿಟ್ಟಿಸುವ ಆಸೆಗೂ ಮಿತಿಯಿದೆ. ಲೋರಾ ತನ್ನ ಬ್ಯಾಂಡ್‌ವಿಡ್ತ್‌ನ ಸುಮಾರು ಕಾಲುಭಾಗದಷ್ಟು ಆವರ್ತನ ವ್ಯತ್ಯಾಸ ಸಹಿಸುತ್ತದೆ. 125 ಕಿಲೋಹರ್ಟ್ಜ್‌ನಲ್ಲಿ ಅದು ಹತ್ತು ಲಕ್ಷಕ್ಕೆ 36, 31.25ರಲ್ಲಿ ಬರೀ 9. ಈ ಮಾಡ್ಯೂಲ್‌ನಲ್ಲಿರುವುದು ಉಷ್ಣ ಸರಿದೂಗಿಸದ ಸಾದಾ ಕ್ರಿಸ್ಟಲ್. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದು ಅಷ್ಟು ನಿಖರವಾಗಿ ನಿಲ್ಲುವುದಿಲ್ಲ.

ಅಳತೆ ಮತ್ತು ಹೊಂದಾಣಿಕೆ

ಆಂಟೆನಾದಿಂದ ಎಷ್ಟು ಸಿಗ್ನಲ್ ಹಿಂದಿರುಗುತ್ತದೆಂದು ಅಳೆಯುವ ಪುಟ್ಟ ಉಪಕರಣ ನ್ಯಾನೊವಿಎನ್‌ಎ ಇದ್ದರೆ ಸಾಕು. ಹಳೆಯ ಮಾದರಿ 900 ಮೆಗಾಹರ್ಟ್ಜ್‌ವರೆಗೆ ಹೋಗುವುದರಿಂದ ನಮ್ಮ ಪಟ್ಟಿ ಅಂಚಿನಲ್ಲಿ ಸಿಗುತ್ತದೆ. ಪೈ ಜಾಲದ ನಡುವಿನ ಶೂನ್ಯ ಓಮ್ ಎತ್ತಿ, ಆಂಟೆನಾ ಬದಿಯ ಪ್ಯಾಡ್‌ಗೆ ತೆಳು ಕೋಆಕ್ಸ್ ತುಂಡಿನ ನಡುತಂತಿ ಬೆಸೆಯಿರಿ, ಅದರ ಜಾಲರಿಯನ್ನು ಪಕ್ಕದ ಗ್ರೌಂಡ್‌ಗೆ. ಕ್ಯಾಲಿಬ್ರೇಷನ್ ಆ ಕೋಆಕ್ಸ್‌ನ ತುದಿಯಲ್ಲಿ ಮಾಡಬೇಕು, ಉಪಕರಣದ ಬಾಯಲ್ಲಿ ಮಾಡಿದರೆ ತಂತಿಯ ಉದ್ದವೂ ಅಳತೆಗೆ ಸೇರಿಕೊಳ್ಳುತ್ತದೆ.

865ರಿಂದ 868ರವರೆಗೆ ಪ್ರತಿಫಲನ ಮೈನಸ್ 10 ಡಿಬಿಗಿಂತ ಕೆಳಗಿದ್ದರೆ ನಿಲ್ಲಿಸಿ. ಆಗ ಹಿಂದಿರುಗುವುದು ಶೇ. 10 ಮಾತ್ರ. ಮೈನಸ್ 6ರಲ್ಲೂ ನಷ್ಟ 1.25 ಡಿಬಿ ಅಷ್ಟೇ. ಮೈನಸ್ 25ರ ಬೆನ್ನುಹತ್ತುವುದು ತೋರಿಕೆಗೆ. ಪ್ರತಿಫಲನದ ಗೆರೆಯಲ್ಲಿನ ತಗ್ಗು ಬೇಕಾದುದಕ್ಕಿಂತ ಕೆಳಗಿನ ಆವರ್ತನದಲ್ಲಿದ್ದರೆ ತಂತಿ ಉದ್ದವಾಯಿತು, ಕತ್ತರಿಸಿ. ಉದ್ದ ಸರಿಯಿದ್ದೂ ತಗ್ಗು ಆಳವಿಲ್ಲದಿದ್ದರೆ ಪೈ ಜಾಲಕ್ಕೆ ಕೈಹಾಕಿ. 1ರಿಂದ 4.7 ಪಿಕೊಫ್ಯಾರಡ್‌ನ ಸಿ0ಜಿ (ಮೌಲ್ಯ ಸ್ಥಿರವಾಗಿರುವ ಸೆರಾಮಿಕ್ ಬಗೆ) ಕೆಪಾಸಿಟರ್, 2.2ರಿಂದ 10 ನ್ಯಾನೊಹೆನ್ರಿಯ ಇಂಡಕ್ಟರ್ ಇಟ್ಟುಕೊಂಡಿರಿ. ಎಕ್ಸ್7ಆರ್ ಕೆಪಾಸಿಟರ್ ಇಲ್ಲಿ ಬೇಡ.

ಅಳತೆಯ ಹೊತ್ತಿಗೆ ಬ್ಯಾಟರಿ ತನ್ನ ಜಾಗದಲ್ಲಿರಲಿ, ಡಬ್ಬಿ ಮುಚ್ಚಿರಲಿ. ಪ್ಲಾಸ್ಟಿಕ್ ಹತ್ತಿರ ಬಂದರೆ ಅನುರಣನ ಕೆಳಗಿಳಿಯುತ್ತದೆ, 18650 ಸೆಲ್‌ನ ಲೋಹ ಪಕ್ಕಕ್ಕೆ ಬಂದರೆ ಆಂಟೆನಾ ಪೂರ್ತಿ ಬೇರೆಯೇ ಆಗುತ್ತದೆ.

ಪ್ರತಿಫಲನ ಚೆನ್ನಾಗಿದ್ದ ಮಾತ್ರಕ್ಕೆ ಪ್ರಸಾರ ಚೆನ್ನಾಗಿದೆ ಎಂದಲ್ಲ, 50 ಓಮ್ ರೆಸಿಸ್ಟರ್ ಕೂಡ ಅಂದದ ತಗ್ಗು ತೋರಿಸುತ್ತದೆ. ಆದ್ದರಿಂದ ಕೊನೆಗೆ ಬಯಲಲ್ಲಿ ಎರಡು ಬೋರ್ಡ್‌ಗಳನ್ನು 10 ಮೀಟರ್ ಅಂತರದಲ್ಲಿ, ನೆಲದಿಂದ ಎದೆಮಟ್ಟದಲ್ಲಿ ಇಟ್ಟು ಸಿಗ್ನಲ್ ಬಲ ಓದಿ. 14 ಡಿಬಿಎಂ ಕಳಿಸಿದರೆ ಲೆಕ್ಕದಲ್ಲಿ ಮೈನಸ್ 37 ಬರಬೇಕು, ಮೈನಸ್ 40ರಿಂದ 55 ಒಪ್ಪಬಹುದು. ಮೈನಸ್ 70 ಅಥವಾ ಕೆಳಗೆ ಬಂದರೆ ಎಲ್ಲೋ ಸಂಪರ್ಕವೇ ಇಲ್ಲ. ಆಗ ಈ ಕ್ರಮದಲ್ಲಿ ಹುಡುಕಿ: ಆಂಟೆನಾ ಸೂಜಿ, ಪಿಎ ಬೂಸ್ಟ್ ಬಿಟ್, 9ನೇ ಪಿನ್ ಬೆಸುಗೆ, 433ರ ಮಾಡ್ಯೂಲ್.

ನಿದ್ದೆಯ ಕರೆಂಟನ್ನೂ ಈಗಲೇ ಅಳೆಯಿರಿ. ಇಡೀ ಬೋರ್ಡ್ 10 ಮೈಕ್ರೋಆಂಪ್ ಒಳಗಿರಬೇಕು. 1 ಮಿಲಿಆಂಪ್ ಮೇಲಿದ್ದರೆ ಪವರ್ ಎಲ್‌ಇಡಿ ತೆಗೆಯಿರಿ. 1.6 ಮಿಲಿಆಂಪ್ ಆಸುಪಾಸಾದರೆ ಮಾಡ್ಯೂಲ್ ನಿದ್ದೆಗೆ ಹೋಗಿಲ್ಲ, ಸ್ಟ್ಯಾಂಡ್‌ಬೈನಲ್ಲೇ ನಿಂತಿದೆ.

ಮಾರಾಟಕ್ಕೆ ಹೋಗುವ ಬೋರ್ಡ್ ಆದರೆ

ಲೈಸೆನ್ಸ್ ಬೇಡದ ಪಟ್ಟಿ ಎಂದರೆ ಅನುಮತಿಯೇ ಬೇಡ ಎಂದರ್ಥವಲ್ಲ. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಆವರ್ತನ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದಿಂದ ಸಲಕರಣೆಗೆ ಇಟಿಎ (ಸಲಕರಣೆ ಮಾದರಿಯ ಅನುಮೋದನೆ) ಪಡೆಯಬೇಕು, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಜೊತೆಗೆ ಮಾನ್ಯತೆ ಪಡೆದ ಪ್ರಯೋಗಾಲಯದ ರೇಡಿಯೊ ಪರೀಕ್ಷಾ ವರದಿ ಬೇಕು. ಪ್ರಯೋಗಾಲಯಕ್ಕೆ ಒಯ್ಯುವ ಮುನ್ನ ಎರಡು ವಿಶೇಷ ಫರ್ಮ್‌ವೇರ್ ಸಿದ್ಧವಿರಲಿ: ಒಂದು ಮಾಡ್ಯುಲೇಷನ್ ಇಲ್ಲದ ಅಖಂಡ ಪ್ರಸಾರಕ್ಕೆ, ಇನ್ನೊಂದು ಪಟ್ಟಿಯ ಕೆಳಗಿನ, ನಡುವಿನ, ಮೇಲಿನ ಚಾನೆಲ್‌ಗಳಲ್ಲಿ ಬಿಡದೆ ಪ್ಯಾಕೆಟ್ ಕಳಿಸಲಿಕ್ಕೆ. ಚಾನೆಲ್ ಬದಲಿಸಲು ಬೋರ್ಡ್ ಮೇಲೆ ಒಂದು ಬಟನ್ ಅಥವಾ ಸೀರಿಯಲ್ ಪೋರ್ಟ್ ಹೊರತಂದಿರಬೇಕು, ಅದಕ್ಕೆ ಬೇಕಾದ ಮೂರು ಪ್ಯಾಡ್‌ಗಳನ್ನು ಲೇಔಟ್ ಹಂತದಲ್ಲೇ ಬಿಟ್ಟುಕೊಳ್ಳಿ.